ವರ್ಗಾವಣೆ ನಮ್ಮದು, ಮಗು ಯಾವ ಊರಿನದು?

ಮಾರ್ಚ್‌ನಲ್ಲಿ ಬೆಂಗಳೂರಿನ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, ‘ನಿಮ್ಮ ಸ್ಯಾಟಲೈಟ್ ಕಡೆ ಒಳ್ಳೆಯ ಶಾಲೆ ಯಾವುದಿದೆ?’ ಎಂದು ಕೇಳಿದರು. ಅವರಿಗೆ ಗಿಫ್ಟ್ ಸಿಟಿಯಲ್ಲಿ ಕೆಲಸ ಸಿಕ್ಕಿತ್ತು. ಗಂಡನಿಂದ ದೂರವಾಗಿ ಎರಡು ವರ್ಷ. ಏಳು ವರ್ಷದ ಮಗಳು ಇವರ ಜೊತೆ. ವಾರ ಬಿಟ್ಟು ವಾರ ಶನಿವಾರ, ಭಾನುವಾರ ಅಪ್ಪನ ಮನೆ. ನಾನು ಶಿವರಂಜನಿ ಹತ್ತಿರದ ಎರಡು ಶಾಲೆಗಳ ಅರ್ಜಿ ಕಳಿಸಿ, ‘ಮೊದಲು ಸೀಟು ಹಿಡೀರಿ, ಉಳಿದದ್ದು ಆಮೇಲೆ’ ಎಂದೆ. ಅದು ತಪ್ಪು ಸಲಹೆ ಎಂದು ವಾರದ ನಂತರ ಅವರ ವಕೀಲರಿಂದ ತಿಳಿಯಿತು.

ಮಗುವಿನೊಂದಿಗೆ ಊರು ಬಿಡುವುದಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಇರುವುದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಮಗು ‘ಸಾಮಾನ್ಯವಾಗಿ ವಾಸಿಸುವ’ ಊರಿನ ನ್ಯಾಯಾಲಯಕ್ಕೆ ಅಧಿಕಾರ ಎನ್ನುತ್ತದೆ ಅದರ 9ನೇ ಸೆಕ್ಷನ್. ನ್ಯಾಯಾಲಯ ನೇಮಿಸಿದ ಪಾಲಕರು ಮಗುವನ್ನು ಅದರ ವ್ಯಾಪ್ತಿಯಾಚೆ ಕರೆದೊಯ್ಯಲು ಅನುಮತಿ ಬೇಕು ಎನ್ನುತ್ತದೆ 26ನೇ ಸೆಕ್ಷನ್. ಸಹೋದ್ಯೋಗಿಯ ಮಧ್ಯಂತರ ಆದೇಶದಲ್ಲೂ ಅದೇ ಷರತ್ತಿತ್ತು. ನಾನು ಸಲೀಸಾಗಿ ಹೇಳಿದ ‘ಸೀಟು’ ನಾಳೆ ಅವರ ವಿರುದ್ಧವೇ ಸಾಕ್ಷಿಯಾಗಬಹುದಿತ್ತು.

ಹಾಗೆಂದು ತಾಯಿ ಕದಲುವಂತೆಯೇ ಇಲ್ಲ ಎಂದಲ್ಲ. ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ಕ ದೆಹಲಿಯ ತಾಯಿಯೊಬ್ಬರು ನ್ಯಾಯಾಲಯದ ಅನುಮತಿ ಪಡೆದರು. ತಂದೆ ಅದನ್ನು ಪ್ರಶ್ನಿಸಿದರೂ, 2010ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಾಯಿಯ ಪರ ನಿಂತಿತು. ಹುಡುಗನನ್ನು ನ್ಯಾಯಮೂರ್ತಿಗಳೇ ಮಾತನಾಡಿಸಿದ್ದರು. ಇನ್ನೊಂದು ಬೆಂಗಳೂರಿನದೇ ಪ್ರಕರಣ: 2020ರ ಮಾರ್ಚ್‌ನಲ್ಲಿ ತಂದೆಯ ಒಪ್ಪಿಗೆಯಿಲ್ಲದೆ ಅಮೆರಿಕದಿಂದ ಕರೆತಂದ ಹುಡುಗನನ್ನು ವಾಪಸ್ ಕಳಿಸುವಂತೆ 2022ರ ಜುಲೈನಲ್ಲಿ ಅದೇ ಕೋರ್ಟ್ ಹೇಳಿತು. ಎರಡರಲ್ಲೂ ಮಗುವಿನ ಹಿತವೇ ಅಳತೆಗೋಲು. ಆದರೆ ಕೇಳಿ ಹೊರಟದ್ದಕ್ಕೂ ಹೊರಟು ಕೇಳಿದ್ದಕ್ಕೂ ಇರುವ ಅಂತರ ನನಗೆ ಮುಖ್ಯವಾಗಿ ಕಾಣುತ್ತದೆ.

ಅಹಮದಾಬಾದ್ ಸಿಂಗಪುರವಲ್ಲ, ನಿಜ. ಆದರೂ ಅವರ ಆದೇಶದಲ್ಲಿ ‘ದಸರಾ ರಜೆ ತಂದೆಯೊಂದಿಗೆ’ ಎಂದಿದೆ. ಇಲ್ಲಿ ದೊಡ್ಡ ರಜೆ ದೀಪಾವಳಿಗೆ, ಸುಮಾರು ಮೂರು ವಾರ. ಅಪ್ಪನಿಗೆ ದಸರೆಯಲ್ಲಿ ರಜೆ ಇದ್ದರೂ ಮಗಳಿಗೆ ಶಾಲೆ. 2023ರ ಕಾಯ್ದೆಯಂತೆ ಗುಜರಾತಿನಲ್ಲಿ ಎಂಟನೇ ತರಗತಿವರೆಗೆ ಗುಜರಾತಿ ಕಡ್ಡಾಯ. ನಾಳೆ ವಾಪಸಾದರೆ ಕರ್ನಾಟಕದಲ್ಲಿ ಕನ್ನಡ ಕಡ್ಡಾಯ. ಕ ಕಾ ಕಿ ಬಿಟ್ಟ ಜಾಗದಿಂದ ಆ ಮಗು ಮತ್ತೆ ಶುರು ಮಾಡಬೇಕು. ಇಂಥ ಸಣ್ಣ ವಿವರಗಳನ್ನೆಲ್ಲ ಬರೆದುಕೊಂಡು ನ್ಯಾಯಾಧೀಶರ ಮುಂದಿಟ್ಟರೆ ಅರ್ಜಿಗೆ ತೂಕ ಬರುತ್ತದೆ ಎಂದರು ವಕೀಲರು: ಯಾವ ರಜೆ ಯಾರಿಗೆ, ವಿಮಾನದ ಖರ್ಚು ಯಾರದು, ವಿಡಿಯೊ ಕಾಲ್ ಎಷ್ಟು ಗಂಟೆಗೆ. ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಗೆ ಶಿಫಾರಸು ಮಾಡಿತ್ತು. ಅದಿನ್ನೂ ಕಾಯ್ದೆಯಾಗಿಲ್ಲ.

ಆ ಅಪ್ಪನನ್ನೂ ನಾನು ಬಲ್ಲೆ. ಶನಿವಾರ ಬೆಳಿಗ್ಗೆ ಮಗಳನ್ನು ಈಜಿಗೆ ಕರೆದೊಯ್ಯುತ್ತಾರೆ. ಅದು ಹದಿನೈದು ದಿನಕ್ಕೊಮ್ಮೆ ಇದ್ದದ್ದು ವರ್ಷಕ್ಕೆರಡು ಸಲವಾದರೆ ಎಂಬ ಅವರ ಭಯ ಸುಳ್ಳಲ್ಲ. ತಾಯಿಗೆ ಸಿಕ್ಕ ಸಂಬಳವೂ ಸುಳ್ಳಲ್ಲ.

ಸಹೋದ್ಯೋಗಿ ಈಗ ಅನುಮತಿ ಕೋರಿ ಅರ್ಜಿ ಹಾಕಿದ್ದಾರೆ. ಕಂಪನಿ ಜುಲೈ ಒಂದಕ್ಕೆ ಸೇರಬೇಕು ಎಂದಿದೆ. ವಿಚಾರಣೆ ಆಗಸ್ಟ್‌ಗೆ.