ಅಹ್ಮದ್ ಖಾನ್ ನಮಗೇಕೆ ನೆನಪಿಲ್ಲ?

ರಗ್ಬಿ ಲೀಗ್ ಎಂದರೇನೆಂದು ಭೀಮಾ ತೀರದ ಘತ್ತರಗಿಯಲ್ಲಿ ಕೇಳಿದರೆ ಉತ್ತರಿಸುವವರು ಸಿಗುವುದು ಕಷ್ಟ. ಚೆಂಡು ಹಿಡಿದು ಓಡುವವನನ್ನು ಕಬಡ್ಡಿಯಲ್ಲಿ ಮಾಡುವಂತೆ ಹಿಡಿದು ಕೆಡಹುವ ಆಟವದು ಎಂದು ನಾವೇ ವಿವರಿಸಬೇಕಾದೀತು. ಆದರೂ ಆ ಆಟದ ಮಾಜಿ ವೃತ್ತಿಪರ ಆಟಗಾರ, ನ್ಯೂಝಿಲೆಂಡಿನ ಸನ್ನಿ ಬಿಲ್ ವಿಲಿಯಮ್ಸ್ ನಮ್ಮ ಯುವಕರಿಗೆ ಅಪರಿಚಿತನಲ್ಲ. 2004ರಲ್ಲಿ ಸಿಡ್ನಿಯ ಬುಲ್‌ಡಾಗ್ಸ್ ತಂಡದೊಂದಿಗೆ ಲೀಗ್ ಪ್ರಶಸ್ತಿ ಗೆದ್ದು, ಮುಂದೆ ಫ್ರಾನ್ಸಿನಲ್ಲಿ ಆಡುತ್ತಿದ್ದಾಗ ಇಸ್ಲಾಮ್ ಸ್ವೀಕರಿಸಿ, 2011 ಮತ್ತು 2015ರಲ್ಲಿ ರಗ್ಬಿ ಯೂನಿಯನ್ ವಿಶ್ವಕಪ್ ವಿಜೇತ ತಂಡದಲ್ಲಿದ್ದ ಈತನ ವೀಡಿಯೊಗಳು ನಮ್ಮ ಮೊಬೈಲುಗಳಲ್ಲಿ ಹರಿದಾಡುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮದೇ ಬೆಂಗಳೂರಿನ ಅಹ್ಮದ್ ಖಾನ್ ಯಾರೆಂದು ಕೇಳಿದರೆ ನಾವೇಕೆ ಮುಖ ಮುಖ ನೋಡಿಕೊಳ್ಳುತ್ತೇವೆ?

1926ರಲ್ಲಿ ಹುಟ್ಟಿದ ಅಹ್ಮದ್ ಖಾನ್ ಬೆಳೆದದ್ದು ಫುಟ್ಬಾಲ್ ಹುಚ್ಚಿನ ಬೆಂಗಳೂರಿನಲ್ಲಿ. ಅವರ ಬಾಲ್ಯದಲ್ಲೇ, 1937 ಮತ್ತು 1938ರಲ್ಲಿ, 'ಬೆಂಗಳೂರು ಮುಸ್ಲಿಮ್ಸ್' ತಂಡವು ಮುಂಬೈಯ ರೋವರ್ಸ್ ಕಪ್ ಗೆದ್ದಿತ್ತು. ಬ್ರಿಟಿಷ್ ಸೈನಿಕ ತಂಡಗಳೇ ಮೆರೆಯುತ್ತಿದ್ದ ಕಾಲವದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಪರವಾಗಿ ಬರಿಗಾಲಲ್ಲಿ ಆಡಿದವರಲ್ಲಿ ಅಹ್ಮದ್ ಖಾನ್ ಒಬ್ಬರು. 1951ರಲ್ಲಿ ದಿಲ್ಲಿಯ ಏಶ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು ಭಾರತ 10-1ರಿಂದ ಸೋತಾಗ ಆ ಒಂದು ಗೋಲು ಹೊಡೆದದ್ದೂ ಅವರೇ.

ಆದರೆ ಅವರ ಬದುಕಿನ ಅತ್ಯಂತ ಮಹತ್ವದ ಅಧ್ಯಾಯವಿರುವುದು ಕೋಲ್ಕತಾದಲ್ಲಿ. 1949ರಿಂದ ಸುಮಾರು ಹತ್ತು ವರ್ಷ ಅವರು ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಆಡಿದರು. ಆ ಕ್ಲಬ್ಬಿನ ಅಭಿಮಾನಿಗಳಲ್ಲಿ ಬಹಳಷ್ಟು ಮಂದಿ ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡು ಬಂದಿದ್ದ ಹಿಂದೂ ನಿರಾಶ್ರಿತರು. ದೇಶ ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ. ಮುಸ್ಲಿಮ್ ಹೆಸರು ಕೇಳಿದೊಡನೆ ಅವರು ಕೆರಳಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ಮುಂಚೂಣಿಯಲ್ಲಿ ಆಡುತ್ತಿದ್ದ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆಹ್ ಮತ್ತು ಅಹ್ಮದ್ ಖಾನ್‌ರನ್ನು ಕೋಲ್ಕತಾ ಕರೆದದ್ದು 'ಪಂಚ ಪಾಂಡವರು' ಎಂದು! ಐವರಲ್ಲಿ ಇಬ್ಬರು ಮುಸ್ಲಿಮರು ಎಂಬುದು ಆ ಹೆಸರಿಗೆ ಅಡ್ಡಿಯಾಗಲಿಲ್ಲ. 1949ರಿಂದ 1951ರ ವರೆಗೆ ಸತತ ಮೂರು ಬಾರಿ ಐ.ಎಫ್.ಎ. ಶೀಲ್ಡ್ ಆ ಕ್ಲಬ್ಬಿನ ಪಾಲಾಯಿತು. ವಿಲಿಯಮ್ಸ್‌ನ ಕೋಟಿಗಳ ಲೆಕ್ಕ ಇಲ್ಲಿ ಹುಡುಕಬೇಡಿ. ಅಂದಿನ ಭಾರತೀಯ ಫುಟ್ಬಾಲ್ ಅಧಿಕೃತವಾಗಿ ಹವ್ಯಾಸಿ ಆಟವಾಗಿತ್ತು.

ನಮ್ಮ ದೇಶಪ್ರೇಮವನ್ನು ಪ್ರಶ್ನಿಸುವವರ ಮುಂದೆ ನಾವು ಹುತಾತ್ಮರ ಪಟ್ಟಿ ಹಿಡಿದು ನಿಲ್ಲುತ್ತೇವೆ. ಆರೋಪಿಯಂತೆ ಸಾಕ್ಷ್ಯ ಒಪ್ಪಿಸುತ್ತೇವೆ. ಅಹ್ಮದ್ ಖಾನ್ ಅಂತಹ ಯಾವ ಸಾಕ್ಷ್ಯವನ್ನೂ ಒಪ್ಪಿಸದೆ ಜನರ ಪ್ರೀತಿ ಗಳಿಸಿದರು. ಆದರೆ ನಮ್ಮ ಮನೆಗಳಲ್ಲಿ ಚೆಂಡು ಹಿಡಿದು ಬರುವ ಹುಡುಗನಿಗೆ ಕಾದಿರುವುದು ಬೈಗುಳ. ಡಾಕ್ಟರ್, ಇಂಜಿನಿಯರ್ ಹೊರತು ಮಾದರಿಗಳೇ ಇಲ್ಲವೆಂಬಂತೆ ಹೆತ್ತವರು ವರ್ತಿಸುತ್ತಾರೆ.

2017ರ ಆಗಸ್ಟ್‌ನಲ್ಲಿ ಅಹ್ಮದ್ ಖಾನ್ ನಿಧನರಾದರು. ಆಗ ಅವರಿಗೆ 90 ವರ್ಷ. ಅವರನ್ನೂ ಬೆಂಗಳೂರು ಮುಸ್ಲಿಮ್ಸ್ ತಂಡವನ್ನೂ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ಸಮ್ಮೇಳನಗಳ ಪೆಂಡಾಲಿಗೆ ಖರ್ಚು ಮಾಡುವ ನಮ್ಮ ಸಂಸ್ಥೆಗಳು ಅವರ ಬಳಿಗೆ ಒಬ್ಬ ಬರಹಗಾರನನ್ನು ಕಳುಹಿಸಬಾರದೇ?