ಸೇವೆಗೆ ಬರುವವರು, ಬಿಟ್ಟು ಹೋಗುವವರು

ನಮ್ಮ ದುವ್ವಾಡದ ಕಡೆ, ಸ್ಟೀಲ್ ಪ್ಲಾಂಟಿನ ಸುತ್ತಮುತ್ತ ಇರೋ ಕನ್ನಡದ ಮನೆಗಳಲ್ಲಿ ಈಗ ಒಂದು ಪದ್ಧತಿ ಬಂದುಬಿಟ್ಟಿದೆ. ಮಗುವಿನ ಹುಟ್ಟುಹಬ್ಬ ಅಂದ್ರೆ ಯಾವುದಾದರೂ ಅನಾಥಾಶ್ರಮಕ್ಕೆ ಹೋಗೋದು, ಕೇಕ್ ಕತ್ತರಿಸೋದು, ಬಿರಿಯಾನಿ ಪೊಟ್ಟಣ ಹಂಚಿ ಫೋಟೋ ತೆಗೆಸಿಕೊಂಡು ಬರೋದು. ಕೆಲವರ ಮಕ್ಕಳು ಇನ್ನೂ ದೂರ ಹೋಗ್ತಾರೆ. ಅಮೆರಿಕದಲ್ಲಿ ಓದ್ತಾ, ಬೇಸಿಗೆ ರಜಕ್ಕೆ ಆಫ್ರಿಕಾದ ಯಾವುದೋ ಮಿಷನ್ನಿನಲ್ಲಿ ಮೂರು ವಾರ ವಾಲಂಟಿಯರ್. ಇವರ ಮನಸ್ಸು ಒಳ್ಳೇದೇ, ಅನುಮಾನ ಇಲ್ಲ. ಆದರೆ ಆ ಮಕ್ಕಳಿಗೆ ಇದರಿಂದ ಒಳ್ಳೇದಾಗುತ್ತಾ? ಆಗಲ್ಲ ಅಂತಲೇ ನನ್ನ ಅಭಿಪ್ರಾಯ.

ಮಂಗಳೂರು ಕಡೆಯ ಸ್ನೇಹಿತರೊಬ್ಬರ ಮಗಳು ನರ್ಸ್. ಉಗಾಂಡಾದಲ್ಲಿ ಒಂದು ಕ್ರೈಸ್ತ ಮಿಷನ್ನಿನ ಮಕ್ಕಳ ಮನೆಯಲ್ಲಿ ಎರಡು ವರ್ಷ ಇದ್ದು ಬಂದಳು. "ಸೇವೆ ಅಂದ್ರೆ ಮತ್ತೇನಿಲ್ಲ ಅಂಕಲ್, ಬಟ್ಟೆ ಒಗೆಯೋದು" ಅಂತ ನಗ್ತಾಳೆ. ಬೆಳಗ್ಗೆ ಐದೂವರೆಗೆ ಗಂಟೆ. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡ ಮಕ್ಕಳನ್ನು ಬೇರೆಯವರು ಎದ್ದು ನಗೋದಕ್ಕೆ ಮೊದಲೇ ಎಬ್ಬಿಸಬೇಕು. ಹಳದಿ ಜೆರಿಕ್ಯಾನುಗಳಲ್ಲಿ ನೀರು ತರಬೇಕು. ಪ್ರಾರ್ಥನೆ, ಗಂಜಿ, ಸ್ಕೂಲು. ಮಧ್ಯಾಹ್ನ ಪೋಶೋ, ಅಂದ್ರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಬೇಯಿಸಿದ ಕಾಳು. ಸಂಜೆ ಯಾರಿಗಾದರೂ ಮೈ ಬಿಸಿ ಅನ್ನಿಸಿದರೆ ಮೊದಲು ಮಲೇರಿಯಾ ಟೆಸ್ಟ್. ರಾತ್ರಿ ಸೊಳ್ಳೆಪರದೆಗಳನ್ನು ಹಾಸಿಗೆ ಕೆಳಗೆ ಸರಿಯಾಗಿ ಸಿಕ್ಕಿಸಿದ್ದಾರಾ ಅಂತ ಒಂದೊಂದೇ ನೋಡಬೇಕು. ಮಾರನೇ ದಿನ ಮತ್ತೆ ಅದೇ.

ಮಧ್ಯೆ ಮಧ್ಯೆ ವಾಲಂಟಿಯರುಗಳ ತಂಡ ಬರೋದಂತೆ. ಬಂದ ಹತ್ತೇ ನಿಮಿಷಕ್ಕೆ ಚಿಕ್ಕ ಮಕ್ಕಳು ಅವರ ತೊಡೆ ಏರಿಬಿಡೋವು. ಬಂದವರಿಗೆ ಕಣ್ಣಲ್ಲಿ ನೀರು. "ಗುರುತೇ ಇಲ್ಲದವರ ತೊಡೆ ಹತ್ತೋದು ಪ್ರೀತಿ ಅಲ್ಲ ಅಂಕಲ್, ಹಸಿವು" ಅಂದಳು ಹುಡುಗಿ. ಎಂಟು ಹತ್ತು ವರ್ಷದವರು ಬೇರೆ ಥರ, ಯಾರ ಹತ್ತಿರಕ್ಕೂ ಸುಳಿಯೋರಲ್ಲ. ಬಂದವರೆಲ್ಲ ಹೋಗೋರೇ ಅಂತ ಅವರಿಗೆ ಗೊತ್ತಾಗಿಹೋಗಿರುತ್ತೆ. ಜ್ವರ ಬಂದ ರಾತ್ರಿ ಎಲ್ಲರೂ ಹುಡುಕೋದು ಅಡುಗೆ ಮಾಡೋ ಅಲ್ಲಿನ ಹೆಂಗಸನ್ನ. ಮಿಷನ್ನಿನ ಪುಸ್ತಿಕೆಯಲ್ಲಿ ಆಕೆಯ ಫೋಟೋ ಮಾತ್ರ ಇರಲಿಲ್ಲ.

ಇನ್ನೊಂದು ವಿಷಯ. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ತಾಯಿಯೋ ಅಜ್ಜಿಯೋ ಇದ್ದರು. ಸ್ಕೂಲ್ ಫೀಸು, ಎರಡು ಹೊತ್ತಿನ ಊಟ ಹೊಂದಿಸಲಾಗದೆ ತಂದು ಬಿಟ್ಟಿದ್ದರು. ಇದು ಆ ಒಂದು ಊರಿನ ಕಥೆಯಲ್ಲ. ಜಗತ್ತಿನಲ್ಲಿ ಇಂಥ ಮನೆಗಳಲ್ಲಿರೋ ಹೆಚ್ಚಿನ ಮಕ್ಕಳಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಬದುಕಿದ್ದಾರೆ. ಉಗಾಂಡಾದ ಪಕ್ಕದ ರುವಾಂಡಾ 2012ರಲ್ಲೇ ಅನಾಥಾಶ್ರಮಗಳನ್ನು ಹಂತಹಂತವಾಗಿ ಮುಚ್ಚಿ ಮಕ್ಕಳನ್ನು ಕುಟುಂಬಗಳಿಗೆ ಸೇರಿಸೋ ತೀರ್ಮಾನ ತಗೊಂಡಿತು.

ಮಿಷನ್ನು, ಮಕ್ಕಳು ಅಂದಾಗ ನಮ್ಮ ಕರಾವಳಿಯ ಬಾಸೆಲ್ ಮಿಷನ್ ನೆನಪಾಗದೆ ಇರಲ್ಲ. 1828ರಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ (ಇವತ್ತಿನ ಘಾನಾ), 1834ರಲ್ಲಿ ಮಂಗಳೂರಿಗೆ ಬಂದವರು ಒಂದೇ ಸಂಸ್ಥೆಯವರು. ಅವರ ಪ್ರೆಸ್ಸು, ಹೆಂಚಿನ ಕಾರ್ಖಾನೆ, ಮೋಗ್ಲಿಂಗರ 'ಮಂಗಳೂರ ಸಮಾಚಾರ', ಕಿಟೆಲ್ ನಿಘಂಟು ಎಲ್ಲ ನಮಗೆ ಗೊತ್ತು. ಅವರ ಸ್ವಂತ ಮಕ್ಕಳು ಏನಾದರು ಅಂತ ನಾವು ಕೇಳೋದೇ ಇಲ್ಲ. ಓದೋ ವಯಸ್ಸಿಗೆ ಬಂದ ಮಿಷನರಿ ಮಕ್ಕಳನ್ನು ಯುರೋಪಿಗೆ ಕಳಿಸಬೇಕು ಅನ್ನೋದು ಮಿಷನ್ನಿನ ನಿಯಮ. ಅದಕ್ಕಾಗಿ 1850ರ ದಶಕದಲ್ಲಿ ಬಾಸೆಲ್‌ನಲ್ಲೇ ಒಂದು ಮಕ್ಕಳ ಮನೆ ಶುರುವಾಯ್ತು. ಹೆತ್ತವರು ಇಲ್ಲಿ ಊರವರ ಮಕ್ಕಳಿಗೆ ಪಾಠ ಹೇಳ್ತಿದ್ದರು, ಅವರ ಮಕ್ಕಳು ಅಲ್ಲಿ ಹಾಸ್ಟೆಲ್ಲಿನಲ್ಲಿ ಬೆಳೀತಿದ್ದರು. ಮಲಯಾಳಂ ನಿಘಂಟಿನ ಗುಂಡರ್ಟ್ ಇದೇ ಮಿಷನ್ನಿನವರು. ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಎಳವೆಯಲ್ಲೇ ಯುರೋಪಿನಲ್ಲಿ ಬಿಟ್ಟು ಬಂದರು. ಅವಳು ಮತ್ತೆ ಇಂಡಿಯಾಕ್ಕೆ ಬಂದಿದ್ದು 1857ರಲ್ಲಿ, ಹದಿನೈದು ವರ್ಷದವಳಾಗಿ. 'ಸಿದ್ಧಾರ್ಥ' ಕಾದಂಬರಿಯ ಹರ್ಮನ್ ಹೆಸ್ಸೆ ಅವಳ ಮಗ. ಸ್ವಂತ ಮಗುವನ್ನು ದೂರ ಮಾಡಿದವರ ತ್ಯಾಗವನ್ನು ಎಲ್ಲರೂ ಕೊಂಡಾಡ್ತಾರೆ. ಆ ಮಗುವನ್ನು ಮಾತ್ರ ಯಾರೂ ಒಂದು ಮಾತು ಕೇಳಿರಲಿಲ್ಲ.

ಹಾಗಾದರೆ ಮಕ್ಕಳ ಮನೆಗಳೇ ಬೇಡವಾ? ಅಷ್ಟು ದೂರ ನಾನು ಹೋಗಲ್ಲ. 1876–78ರ ಬರದಲ್ಲಿ ಮೈಸೂರು ಸೀಮೆಯ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಸತ್ತುಹೋದಾಗ, ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಅನ್ನೋ ಇಂಗ್ಲಿಷ್ ಮಹಿಳೆ ಗತಿಯಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಸಾಕಿದರು. ಅವರನ್ನು ಕ್ರೈಸ್ತರನ್ನಾಗಿ ಮಾಡಿದರು ಅನ್ನೋ ತಕರಾರು ಇರಬಹುದು, ಅದನ್ನು ಬೇರೆಯಾಗಿ ಮಾತಾಡೋಣ. ಆ ಹೊತ್ತಿನಲ್ಲಿ ಬಾಗಿಲು ತೆರೆದವರನ್ನು ನಾನು ಜರಿಯಲಾರೆ. ಯಾರೂ ಇಲ್ಲದ ಮಗುವಿಗೆ ಅಂಥ ಮನೆ ಇವತ್ತೂ ಬೇಕು. ತಾಯಿ ಇರೋ ಮಗುವಿಗೆ ಬೇಕಾಗಿರೋದು ತಾಯಿಯ ಕೈಗೆ ನಾಲ್ಕು ಕಾಸು.

ನಮ್ಮ ಕಾನೂನು ಹೇಳೋದೂ ಇದನ್ನೇ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸೋದು ಕೊಟ್ಟಕೊನೆಯ ದಾರಿ. ಇಂಥ ಪ್ರತಿಯೊಂದು ಮನೆಯೂ ನೋಂದಣಿ ಆಗಿರಲೇಬೇಕು. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ, ಕಷ್ಟದಲ್ಲಿರೋ ಕುಟುಂಬ ಮಗುವನ್ನು ತನ್ನ ಹತ್ತಿರವೇ ಇಟ್ಟುಕೊಳ್ಳಲಿ ಅಂತ ತಿಂಗಳಿಗೆ 4000 ರೂಪಾಯಿ ನೆರವಿದೆ. ನಮ್ಮ ಮನೆ ಕೆಲಸಕ್ಕೆ ಬರೋ ಗಂಡನಿಲ್ಲದ ಹೆಂಗಸರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ತೆಲುಗಿನಲ್ಲಿ ಒಂದು ಅರ್ಜಿ ಬರೆಸಿ, ಅವರ ಜೊತೆ ಆಫೀಸಿಗೆ ಎರಡು ಸಲ ಓಡಾಡಿದರೆ ಒಂದು ಮಗು ಅದರ ಮನೆಯಲ್ಲೇ ಉಳಿಯಬಹುದು. ಇದರಲ್ಲಿ ಫೋಟೋಗೆ ಅವಕಾಶ ಇಲ್ಲ, ಅಷ್ಟೇ.

ಆಶ್ರಮಕ್ಕೇ ಕೊಡ್ತೀನಿ ಅಂತೀರಾ, ಕೊಡಿ. ಮೊದಲು ನೋಂದಣಿ ಪತ್ರ ಕೇಳಿ. ಇಲ್ಲಿ ಎಷ್ಟು ಮಕ್ಕಳಿಗೆ ಅಪ್ಪ ಅಮ್ಮ ಇದ್ದಾರೆ, ಅವರನ್ನು ಮನೆಗೆ ಕಳಿಸೋಕೆ ಏನು ಮಾಡ್ತಿದ್ದೀರಿ ಅಂತ ಕೇಳಿ. ಆಮೇಲೆ ಕೇಕಿನ ದುಡ್ಡನ್ನು ಅಡುಗೆಯವಳ ಸಂಬಳಕ್ಕೆ ಕೊಡಿ, ಮುಂದಿನ ವರ್ಷವೂ ಅವಳು ಅಲ್ಲೇ ಇರಲಿ. ನಿಮ್ಮ ಮಗನ ಹುಟ್ಟುಹಬ್ಬ ಮನೆಯಲ್ಲೇ ಪಾಯಸ ಮಾಡಿ ಆಚರಿಸಿದರೆ ಯಾರಿಗೂ ನಷ್ಟ ಇಲ್ಲ. ಏನಂತೀರಿ?