ಸೆರೆಯಲ್ಲಿದ್ದವಳು ಕೇಳಿದ ಪ್ರಶ್ನೆ

ಬೆಳಗಿನ ವಾಯುವಿಹಾರಕ್ಕೆಂದು ಲಾಲ್‌ಬಾಗಿನಲ್ಲಿ ಸೇರುವ ನಮ್ಮ ನಿವೃತ್ತರ ಗುಂಪಿನಲ್ಲಿ ರಾಜಕೀಯ ಮತ್ತು ರಕ್ತದೊತ್ತಡ ಎರಡೂ ನಿಷಿದ್ಧ ವಿಷಯಗಳು. ಹೀಗಾಗಿ ಮಾತು ಸಹಜವಾಗಿಯೇ ಹಳೆಯ ಧಾರಾವಾಹಿಗಳತ್ತ ಹೊರಳುತ್ತದೆ. 2020ರ ಮಾರ್ಚ್ 28ರಂದು, ಲಾಕ್‌ಡೌನ್ ಆರಂಭವಾದ ಕೆಲವೇ ದಿನಗಳಲ್ಲಿ, ದೂರದರ್ಶನವು ರಾಮಾನಂದ ಸಾಗರ್ ಅವರ ‘ರಾಮಾಯಣ’ವನ್ನೂ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ವನ್ನೂ ಮರುಪ್ರಸಾರ ಮಾಡತೊಡಗಿದ ಮೇಲಂತೂ ಈ ಗೀಳು ಇಮ್ಮಡಿಯಾಗಿದೆ.

ಕಳೆದ ವಾರ ಚರ್ಚೆಗೆ ಬಂದದ್ದು, ಸಂಕಟದಲ್ಲಿ ಸಿಲುಕಿದ ಹೆಣ್ಣನ್ನು ಪಾರುಮಾಡುವ ದೃಶ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬುದು. ಬ್ಯಾಂಕಿನಿಂದ ನಿವೃತ್ತರಾದ ಮಿತ್ರರೊಬ್ಬರು ದ್ರೌಪದಿಯ ಅಕ್ಷಯಾಂಬರಕ್ಕೆ ಮತ ಹಾಕಿದರು. ಎಂಜಿನಿಯರ್ ಮಿತ್ರರಿಗೆ ‘ಶಕ್ತಿಮಾನ್’ ನೆನಪಾಯಿತು. ಅದರಲ್ಲಿ ವರದಿಗಾರ್ತಿ ಗೀತಾ ವಿಶ್ವಾಸ್ ಅಪಾಯಕ್ಕೆ ಸಿಲುಕಿದಾಗಲೆಲ್ಲ ಅವರ ಮಗ ಊಟದ ತಟ್ಟೆ ಬಿಟ್ಟು ಎದ್ದು ನಿಲ್ಲುತ್ತಿದ್ದನಂತೆ. ಇದೆಲ್ಲವನ್ನೂ ಸುಮ್ಮನೆ ಕೇಳುತ್ತಿದ್ದ ನಿವೃತ್ತ ಕಾಲೇಜು ಅಧ್ಯಾಪಕಿಯೊಬ್ಬರು ಒಂದು ಪ್ರಶ್ನೆ ಎಸೆದರು: “ಬಿಡಿಸಿಕೊಂಡು ಬಂದವನು ನಿಮಗೆಲ್ಲ ಚೆನ್ನಾಗಿ ನೆನಪಿದ್ದಾನೆ. ಸೆರೆಯಲ್ಲಿದ್ದವಳು ಅಷ್ಟು ಹೊತ್ತು ಏನು ಮಾಡುತ್ತಿದ್ದಳು ಅಂತ ಯಾರಿಗಾದರೂ ನೆನಪಿದೆಯೇ ಸಾರ್?”

ನಮ್ಮಲ್ಲಿ ಯಾರಿಗೂ ಉತ್ತರ ತಿಳಿದಿರಲಿಲ್ಲ. ಮನೆಗೆ ಬಂದ ಮೇಲೂ ಪ್ರಶ್ನೆ ಬೆನ್ನು ಬಿಡಲಿಲ್ಲ. ಅದು ಕೇವಲ ಧಾರಾವಾಹಿಗಳ ಕುರಿತಾದ ಪ್ರಶ್ನೆಯಲ್ಲ ಎಂಬುದು ನಾನು ಈ ಲೇಖನ ಬರೆಯಲು ಕಾರಣ.

ಮೊದಲಿಗೆ ಅಭಿಮಾನಿಗಳ ಪಕ್ಷದಲ್ಲಿ ಒಂದು ಮಾತು. ಇಂಥ ದೃಶ್ಯಗಳನ್ನು ಮೆಚ್ಚುವವರೆಲ್ಲರೂ ಸ್ತ್ರೀದ್ವೇಷಿಗಳೆಂದು ಭಾವಿಸಬೇಕಿಲ್ಲ. ಆತಂಕವಿಲ್ಲದೆ ಕಥೆಯಿಲ್ಲ. ಅಲ್ಲದೆ ಈ ದೃಶ್ಯದ ಬಳಕೆಗೆ ಅರ್ಥಶಾಸ್ತ್ರದ ಕಾರಣವೂ ಉಂಟು. ನಮ್ಮಲ್ಲಿ 1984ರ ‘ಹಮ್ ಲೋಗ್’ನೊಂದಿಗೆ ಪ್ರಾಯೋಜಿತ ಧಾರಾವಾಹಿಗಳ ಯುಗ ಆರಂಭವಾಯಿತು. ವಾರಕ್ಕೊಂದು ಕಂತು, ಕಂತಿಗೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ. ಮುಂದಿನ ವಾರವೂ ಪ್ರೇಕ್ಷಕ ಮರಳಿ ಬರಬೇಕು, ಪ್ರಾಯೋಜಕ ಉಳಿಯಬೇಕು. ಒಂದು ಕೋಣೆ, ಒಂದು ಹಗ್ಗ, ಒಬ್ಬ ನಟಿ ಇದ್ದರೆ ಇಡೀ ವಾರದ ಕುತೂಹಲ ಸಿದ್ಧ. ಇಷ್ಟು ಕಡಿಮೆ ಬಂಡವಾಳಕ್ಕೆ ಇಷ್ಟು ಲಾಭ ತರುವ ಸರಕು ಬೇರೊಂದಿಲ್ಲ. ಅಮೆರಿಕದಲ್ಲಾಗಲಿ ಬ್ರಿಟನ್ನಿನಲ್ಲಾಗಲಿ ಲೆಕ್ಕಾಚಾರ ಇದಕ್ಕಿಂತ ಬೇರೆಯಾಗಿರಲಿಲ್ಲ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಾಯಕನನ್ನು ಕಟ್ಟಿಹಾಕಿದರೆ ಅವನು ಹಗ್ಗವನ್ನು ತಾನೇ ಬಿಚ್ಚಿಕೊಳ್ಳುತ್ತಾನೆ; ನಾಯಕಿಯಾದರೆ ಕಾಯುತ್ತಾಳೆ. ಇದಕ್ಕಿಂತಲೂ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಮೂಲಕಥೆಯಲ್ಲಿ ಆಕೆ ಕಾಯದೆ ಏನನ್ನೋ ಮಾಡಿದ್ದರೂ ನಮ್ಮ ನೆನಪು ಆಕೆಯನ್ನು ಕಾಯುವವಳನ್ನಾಗಿಯೇ ಮಾರ್ಪಡಿಸಿಬಿಡುತ್ತದೆ. ರೈಲು ಹಳಿಗೆ ಕಟ್ಟಿಹಾಕಿದ ತರುಣಿಯ ಚಿತ್ರ ಜಗತ್ತಿಗೆಲ್ಲ ಪರಿಚಿತ. ಈ ದೃಶ್ಯವನ್ನು ಜನಪ್ರಿಯಗೊಳಿಸಿದ್ದು 1867ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡ ಆಗಸ್ಟಿನ್ ಡೇಲಿಯ ‘ಅಂಡರ್ ದಿ ಗ್ಯಾಸ್‌ಲೈಟ್’ ನಾಟಕ. ಆ ನಾಟಕದಲ್ಲಿ ಹಳಿಯ ಮೇಲೆ ಬಿದ್ದಿದ್ದವನು ಗಂಡಸು, ಯುದ್ಧದಲ್ಲಿ ಕೈ ಕಳೆದುಕೊಂಡ ಮಾಜಿ ಸೈನಿಕ. ಕೊಡಲಿಯಿಂದ ಬಾಗಿಲು ಒಡೆದು ಬಂದು ಅವನನ್ನು ಉಳಿಸಿದವಳು ನಾಯಕಿ ಲಾರಾ! ಒಂದೂವರೆ ಶತಮಾನದ ನೆನಪು ಈ ಇಬ್ಬರನ್ನೂ ಅದಲುಬದಲು ಮಾಡಿದೆ.

ನಮ್ಮ ಮಹಾಕಾವ್ಯಗಳ ವಿಷಯದಲ್ಲಿಯೂ ಇದೇ ಆಗಿದೆ. ಅಪಹೃತೆ ಸೀತೆ ಎಂದೊಡನೆ ಕಣ್ಣಿಗೆ ಕಟ್ಟುವುದು ಅಶೋಕವನದಲ್ಲಿ ಕಣ್ಣೀರಿಡುವ ಚಿತ್ರ. ವಾಲ್ಮೀಕಿಯ ಸೀತೆ ಆಕಾಶಮಾರ್ಗದಲ್ಲಿ ಹೋಗುತ್ತಿರುವಾಗಲೇ ಕೆಳಗೆ ವಾನರರನ್ನು ಕಂಡು ಆಭರಣಗಳನ್ನು ಉತ್ತರೀಯದಲ್ಲಿ ಗಂಟು ಕಟ್ಟಿ ಬೀಳಿಸುತ್ತಾಳೆ. ಅವು ಬಿದ್ದದ್ದು ಋಷ್ಯಮೂಕದಲ್ಲಿ, ನಮ್ಮ ಹಂಪಿ-ಆನೆಗೊಂದಿಯ ಸೀಮೆಯಲ್ಲಿ ಎಂಬುದು ಸ್ಥಳೀಯರ ನಂಬಿಕೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಪ್ರಕರಣದ ಮೊದಲ ಸಾಕ್ಷ್ಯವನ್ನು ಒದಗಿಸಿದವಳು ಅಪಹರಣಕ್ಕೊಳಗಾದವಳೇ. ಮುಂದೆ ಹನುಮಂತ ಬೆನ್ನ ಮೇಲೆ ಕೂರಿಸಿಕೊಂಡು ಹೋಗುವೆನೆಂದಾಗ ಆಕೆ ಒಪ್ಪುವುದಿಲ್ಲ. ಆಕೆಯ ಕಾರಣಗಳನ್ನು ಇಂದು ನಾವು ಒಪ್ಪಬಹುದು, ಬಿಡಬಹುದು. ಆದರೆ ಬಿಡುಗಡೆ ಹೇಗಾಗಬೇಕೆಂಬ ತೀರ್ಮಾನ ಆಕೆಯದಾಗಿತ್ತು.

ದ್ರೌಪದಿಯ ಪ್ರಸಂಗವಂತೂ ಇನ್ನೂ ಸ್ಪಷ್ಟ. ಮೊದಲ ಪ್ರಸಾರದ ದಿನಗಳಲ್ಲಿ ರೂಪಾ ಗಂಗೂಲಿ ಅವರ ಅಭಿನಯವನ್ನು ನೋಡಿ ನೆರೆಹೊರೆಯವರೆಲ್ಲ ಕಣ್ಣೊರೆಸಿಕೊಂಡದ್ದು ನನಗೆ ನೆನಪಿದೆ. ಸೀರೆ ಬೆಳೆಯುತ್ತಲೇ ಹೋದದ್ದು ಎಲ್ಲರಿಗೂ ನೆನಪಿದೆ. ಅದಕ್ಕೂ ಮುನ್ನ, ಕರೆದೊಯ್ಯಲು ಬಂದ ದೂತನನ್ನು ಆಕೆ ಒಂದು ಪ್ರಶ್ನೆಯೊಂದಿಗೆ ಹಿಂದಕ್ಕೆ ಕಳುಹಿಸಿದ್ದಳು: ತನ್ನನ್ನೇ ತಾನು ಸೋತವನಿಗೆ ನನ್ನನ್ನು ಪಣವಿಡುವ ಅಧಿಕಾರ ಉಳಿದಿತ್ತೇ? ಇದು ಅಪ್ಪಟ ಕಾನೂನಿನ ಪ್ರಶ್ನೆ. ವಿಕರ್ಣನೊಬ್ಬ ಆಕೆಯ ಪರ ಮಾತನಾಡಿದ. ಭೀಷ್ಮನಂಥ ಭೀಷ್ಮನೇ ಧರ್ಮ ಸೂಕ್ಷ್ಮವೆಂದು ನುಣುಚಿಕೊಂಡ. ಸೀರೆಯ ಪವಾಡ ಆಕೆಯ ಮಾನ ಕಾಯಿತು, ಆದರೆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಪ್ರಸಂಗದ ಕೊನೆಯಲ್ಲಿ ಧೃತರಾಷ್ಟ್ರನಿಂದ ವರ ಪಡೆದು ಐವರು ಗಂಡಂದಿರನ್ನು ದಾಸ್ಯದಿಂದ ಬಿಡಿಸಿದವಳೂ ದ್ರೌಪದಿಯೇ. ರಕ್ಷಣೆ ಪಡೆದವಳೆಂದು ನಾವು ನೆನೆಯುವವಳು ವಾಸ್ತವದಲ್ಲಿ ರಕ್ಷಿಸಿದವಳು.

ಇದನ್ನು ಇಷ್ಟು ಖಚಿತವಾಗಿ ಹೇಳಲು ನನ್ನ ಸೇವಾವಧಿಯ ಒಂದು ಘಟನೆ ಕಾರಣ. ನಾನು ಉಪವಿಭಾಗಾಧಿಕಾರಿಯಾಗಿದ್ದಾಗ ಕಲ್ಲು ಗಣಿಯೊಂದರಿಂದ ಕೆಲವು ಜೀತದ ಕುಟುಂಬಗಳನ್ನು ಬಿಡುಗಡೆ ಮಾಡಿಸಿದ್ದೆವು. ಪೊಲೀಸರು, ತಹಶೀಲ್ದಾರರು, ಜೀಪುಗಳು, ಮರುದಿನದ ಪತ್ರಿಕೆಯಲ್ಲಿ ಭಾವಚಿತ್ರ. ಧಾರಾವಾಹಿಯ ಕಂತಿಗೆ ಬೇಕಾದದ್ದೆಲ್ಲ ಇತ್ತು. ಬಿಡುಗಡೆ ಪತ್ರಕ್ಕೆ ಹೇಳಿಕೆ ಬರೆದುಕೊಳ್ಳುವಾಗ ಒಬ್ಬ ಹೆಣ್ಣುಮಗಳು ಕೇಳಿದಳು: “ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದು ನನ್ನ ಗಂಡ. ದುಡ್ಡು ಈಸ್ಕೊಂಡಿದ್ದೂ ಅವನೇ. ನಾನು ಯಾಕೆ ಆರು ವರ್ಷ ಕಲ್ಲು ಒಡೆದೆ ಸ್ವಾಮಿ? ನನ್ನ ಕೂಲಿ ಯಾರು ಕೊಡ್ತಾರೆ?”

1976ರ ಜೀತ ಪದ್ಧತಿ ರದ್ದತಿ ಕಾಯಿದೆಯನ್ನು ನಾನು ಓದಿದ್ದೆ. ಸಾಲಗಾರ ತಾನೇ ಅಥವಾ ತನ್ನ ಕುಟುಂಬದವರ ಮೂಲಕ ದುಡಿದು ತೀರಿಸುವ ಕರಾರು ಎಂದೇ ಅದು ಜೀತವನ್ನು ವಿವರಿಸುತ್ತದೆ. ಗಂಡ ಹೆಂಡತಿಯನ್ನು ಪಣವಿಡಬಲ್ಲನೆಂಬುದು ಶಾಸನಕ್ಕೂ ತಿಳಿದಿತ್ತು. ಕಾಯಿದೆಯ ಪ್ರಕಾರ ಸಾಲ ರದ್ದಾಯಿತು. ಆದರೆ ಆಕೆಯ ಪ್ರಶ್ನೆಯನ್ನು ಬರೆದುಕೊಳ್ಳಲು ನನ್ನ ನಮೂನೆಯಲ್ಲಿ ಅಂಕಣವಿರಲಿಲ್ಲ. ‘ಬಿಡುಗಡೆಯಾದವರ ಸಂಖ್ಯೆ’ ಎಂಬ ಅಂಕಣವಿತ್ತು. ಅದನ್ನು ತುಂಬಿ ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದೆ. ಬಾಕಿ ಕೂಲಿಯ ವಿಷಯವನ್ನು ಪ್ರತ್ಯೇಕ ಟಿಪ್ಪಣಿಯಲ್ಲಾದರೂ ಬರೆಯಬಹುದಿತ್ತು, ಬರೆಯಲಿಲ್ಲ. ನಾಲ್ಕು ತಿಂಗಳಲ್ಲಿ ನನಗೆ ವರ್ಗವಾಯಿತು. ಆ ಸಭೆಯ ಹಿರಿಯರಂತೆ ನಾನೂ ವಿಷಯ ಸೂಕ್ಷ್ಮವೆಂದು ಸುಮ್ಮನಾದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ರಕ್ಷಣೆ ಬೇಡವೆಂದು ನಾನು ವಾದಿಸುತ್ತಿಲ್ಲ. ಅಂದು ಆ ಜೀಪುಗಳು ಹೋಗದಿದ್ದರೆ ಆಕೆ ಅಲ್ಲಿಯೇ ಇರುತ್ತಿದ್ದಳು. ನನ್ನ ಆಕ್ಷೇಪಣೆ ಇರುವುದು ರಕ್ಷಣೆಯೊಂದಿಗೆ ಕಥೆ ಮುಗಿಯಿತೆಂದು ನಾವು ಭಾವಿಸುವುದರ ಬಗ್ಗೆ. ನಮ್ಮ ನೀತಿಗಳಲ್ಲಿ ಈ ಧೋರಣೆ ಆಳವಾಗಿ ಬೇರೂರಿದೆ. 1948ರ ಕಾರ್ಖಾನೆ ಕಾಯಿದೆಯ 66ನೆಯ ಕಲಮು ಮಹಿಳೆಯರು ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಕಾರ್ಖಾನೆಗಳಲ್ಲಿ ದುಡಿಯುವುದನ್ನು ನಿರ್ಬಂಧಿಸಿತ್ತು. ರಾತ್ರಿಯನ್ನು ಸುರಕ್ಷಿತಗೊಳಿಸುವುದಕ್ಕಿಂತ ಹೆಣ್ಣನ್ನು ರಾತ್ರಿಯಿಂದ ಹೊರಗಿಡುವುದು ಅಗ್ಗವಾಗಿ ಕಂಡಿತು. ಆ ಉಳಿತಾಯದ ಬೆಲೆಯನ್ನು ಆಕೆ ತನ್ನ ಸಂಬಳದಿಂದ ತೆತ್ತಳು. ಕರ್ನಾಟಕವು ಸಾರಿಗೆ, ಭದ್ರತೆ ಮೊದಲಾದ ಷರತ್ತುಗಳೊಡನೆ ರಾತ್ರಿ ಪಾಳಿಗೆ ಅನುಮತಿ ನೀಡಿದ್ದು 2019ರ ನವೆಂಬರ್‌ನಲ್ಲಿ. ದೆಹಲಿಯ ಘೋರ ಘಟನೆಯ ನಂತರ 2013ರ ಬಜೆಟ್ಟಿನಲ್ಲಿ 1,000 ಕೋಟಿ ರೂಪಾಯಿಗಳ ನಿರ್ಭಯಾ ನಿಧಿ ಸ್ಥಾಪನೆಯಾಯಿತು. ಮೊದಲ ವರ್ಷಗಳಲ್ಲಿ ಅದರ ಬಹುಭಾಗ ಖರ್ಚಾಗದೆ ಉಳಿಯಿತು. ಜೀತವಿಮುಕ್ತ ಮಹಿಳೆಗೆ 2 ಲಕ್ಷ ರೂಪಾಯಿಗಳ ನೆರವನ್ನು 2016ರ ಕೇಂದ್ರ ಯೋಜನೆ ಘೋಷಿಸಿತು, ಆದರೆ ಪೂರ್ಣ ಮೊತ್ತವನ್ನು ಆರೋಪಿಗೆ ಶಿಕ್ಷೆಯಾಗುವುದರೊಂದಿಗೆ ಬೆಸೆಯಿತು. ನ್ಯಾಯಾಲಯದ ವೇಗವನ್ನು ಬಲ್ಲವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ದಾರಿ ಇಲ್ಲವೇ? ಕಿರುತೆರೆಯ ಇತಿಹಾಸದಲ್ಲಿಯೇ ಅದಕ್ಕೆ ನಿದರ್ಶನಗಳಿವೆ. ಬ್ರಿಟನ್ನಿನ ‘ದಿ ಅವೆಂಜರ್ಸ್’ ಧಾರಾವಾಹಿಗೆ 1962ರಲ್ಲಿ ಹಾನರ್ ಬ್ಲ್ಯಾಕ್‌ಮನ್ ಬಂದಾಗ ಆಕೆಗೆ ದೊರೆತ ಆರಂಭದ ಕೆಲವು ಚಿತ್ರಕಥೆಗಳು ಪುರುಷ ಪಾತ್ರಕ್ಕೆಂದು ಬರೆದಿಟ್ಟಿದ್ದವು. ಹೆಚ್ಚೇನೂ ತಿದ್ದದೆ ಅವನ್ನೇ ಬಳಸಿದರು. ಪರಿಣಾಮವಾಗಿ, ಕಟ್ಟಿಹಾಕಿದರೆ ತಾನೇ ಬಿಡಿಸಿಕೊಳ್ಳಬಲ್ಲ ನಾಯಕಿಯೊಬ್ಬಳು ಹುಟ್ಟಿಕೊಂಡಳು. ಆಕೆಯ ನಂತರ ಬಂದ ಡಯಾನಾ ರಿಗ್, ಎಮ್ಮಾ ಪೀಲ್ ಪಾತ್ರದಿಂದ ಜಗತ್ಪ್ರಸಿದ್ಧರಾದರೂ, ತಮ್ಮ ಸಂಬಳ ಕ್ಯಾಮೆರಾಮನ್‌ನ ಸಂಬಳಕ್ಕಿಂತ ಕಡಿಮೆ ಎಂಬುದನ್ನು ಕಂಡುಕೊಂಡರು, ಪ್ರತಿಭಟಿಸಿ ಹೆಚ್ಚಿಸಿಕೊಂಡರು. ತೆರೆಯ ಮೇಲೆ ಖಳರನ್ನು ಬಡಿದದ್ದಕ್ಕಿಂತ ಈ ಹೋರಾಟ ದೊಡ್ಡದೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅನ್ನಿಸುತ್ತದೆ. ನಮ್ಮ ದೂರದರ್ಶನದಲ್ಲಿಯೇ 1989ರಲ್ಲಿ ‘ಉಡಾನ್’ ಬಂತು. ಕವಿತಾ ಚೌಧರಿ ತಾವೇ ಬರೆದು, ನಿರ್ದೇಶಿಸಿ, ಅಭಿನಯಿಸಿದ ಐಪಿಎಸ್ ಅಧಿಕಾರಿ ಕಲ್ಯಾಣಿಯ ಕಥೆಗೆ ಪ್ರೇರಣೆ ಅವರ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯ. 2004ರಲ್ಲಿ ಆಕೆ ಉತ್ತರಾಖಂಡದಲ್ಲಿ ದೇಶದ ಮೊದಲ ಮಹಿಳಾ ಪೊಲೀಸ್ ಮಹಾನಿರ್ದೇಶಕರಾದರು. ಅದೇ ಕಾಲಘಟ್ಟದ, ಅದೇ ದೂರದರ್ಶನದ ಈ ಧಾರಾವಾಹಿ ನಮ್ಮ ಲಾಲ್‌ಬಾಗ್ ಗುಂಪಿನ ಪಟ್ಟಿಯಲ್ಲಿ ಇರಲೇ ಇಲ್ಲ.

ಹಳೆಯ ಧಾರಾವಾಹಿಗಳನ್ನು ಯಾರೂ ಬಹಿಷ್ಕರಿಸಬೇಕಾಗಿಲ್ಲ. ನಾನಂತೂ ಮುಂದಿನ ಮರುಪ್ರಸಾರವನ್ನೂ ನೋಡುವವನೇ. ಆದರೆ ಈ ಬಾರಿ ಸೀರೆಗಿಂತ ಪ್ರಶ್ನೆಯ ಕಡೆಗೆ ಗಮನ ಕೊಡಬೇಕೆಂದಿದ್ದೇನೆ. ಇಂದು ಸೇವೆಯಲ್ಲಿರುವ ಕಿರಿಯ ಅಧಿಕಾರಿಗಳಿಗೆ ನನ್ನದು ಒಂದೇ ವಿನಂತಿ. ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮುನ್ನ ಎದುರಿಗಿರುವವಳು ಏನು ಕೇಳುತ್ತಿದ್ದಾಳೆಂಬುದನ್ನು ಬರೆದುಕೊಳ್ಳಿ. ನಮೂನೆಯಲ್ಲಿ ಅಂಕಣವಿಲ್ಲದಿದ್ದರೆ ಅಂಚಿನಲ್ಲಾದರೂ ಬರೆಯಿರಿ. ಕಲ್ಲು ಒಡೆದ ಆ ಆರು ವರ್ಷಗಳ ಕೂಲಿ ಎಷ್ಟೆಂದು ನಾನು ಅಂದು ಲೆಕ್ಕ ಹಾಕಬಹುದಿತ್ತು. ಕನಿಷ್ಠ ಕೂಲಿಯ ಅಧಿಸೂಚನೆ ನನ್ನ ಮೇಜಿನ ಮೇಲೆಯೇ ಇತ್ತು.